ತಿರುಗುವ ಮನೆಯ ಮೇಲೊಂದು ಡಿಶ್ಶು

ನಮ್ಮೂರಿನಲ್ಲಿ ದಾರಿಯಲ್ಲಿ ಎದುರಾದವರನ್ನು ಊಟ ಆಯಿತಾ ಎಂದು ಕೇಳುವ ರೂಢಿ ಇಲ್ಲ. ಮನೆ ಎತ್ತ ಮುಖ ಮಾಡಿದೆ ಎಂದು ಕೇಳುತ್ತೇವೆ. ಬೆಳಿಗ್ಗೆ ಕೆರೆಯ ಕಡೆಗಿತ್ತು, ಈಗ ಸಂತೆಮಾಳದ ಕಡೆಗಿದೆ ಎಂದರೆ ಎಲ್ಲ ಕ್ಷೇಮ ಎಂದು ಅರ್ಥ. ಇಲ್ಲಿನ ಮನೆಗಳು ತಿರುಗುತ್ತವೆ. ಅಡಿಪಾಯ, ಜಗಲಿ, ಬಚ್ಚಲು ಎಲ್ಲ ಸಮೇತ, ಒಲೆಯ ಮೇಲಿನ ಹಾಲು ತುಳುಕದಷ್ಟು ನಿಧಾನವಾಗಿ. ಒಂದೊಂದು ಮನೆಗೆ ಒಂದೊಂದು ಸ್ವಭಾವ. ಗಾಣಿಗರ ಮನೆ ವರ್ಷಕ್ಕೊಮ್ಮೆ ಮಗ್ಗಲು ಬದಲಿಸಿದರೆ ಹೆಚ್ಚು. ನಮ್ಮದು ಬಾಲ ಸುಟ್ಟ ಬೆಕ್ಕು, ಒಂದು ಹೊತ್ತು ಸುಮ್ಮನಿರುವ ಜಾತಿಯಲ್ಲ. ರಂಗೋಲಿ ಹಾಕಿ ಒಳಗೆ ಬಂದು ಕಾಫಿಗೆ ನೀರಿಡುವಷ್ಟರಲ್ಲಿ ಆ ರಂಗೋಲಿ ಬಚ್ಚಲ ಮುಂದೆ ಬಂದಿರುತ್ತದೆ. ಅದಕ್ಕೇ ನಾಲ್ಕೂ ಗೋಡೆಗೆ ಒಂದೊಂದು ಬಾಗಿಲು ಇಟ್ಟುಕೊಂಡಿದ್ದೇವೆ. ವಾಸ್ತು ಹೇಳುವವನೊಬ್ಬ ಒಮ್ಮೆ ಊರಿಗೆ ಬಂದಿದ್ದ. ಮಧ್ಯಾಹ್ನದ ಊಟಕ್ಕೂ ನಿಲ್ಲದೆ ಹೊರಟುಹೋದ.

ಹಾಗಂತ ಮನೆಯನ್ನು ನಿಲ್ಲಿಸಲು ಬರುವುದೇ ಇಲ್ಲ ಎಂದಲ್ಲ. ಹೆರಿಗೆಯ ಹೊತ್ತಿಗೆ, ಮದುವೆಯ ಮುಹೂರ್ತಕ್ಕೆ, ಹೆಣ ಎತ್ತುವಾಗ ಮನೆ ಅಲುಗಬಾರದು. ಆಗ ನೆರೆಯವರು ಬಂದು ಜಗಲಿಯ ಕೆಳಗೆ ನೆಲದ ಮೇಲೆ ಸಾಲಾಗಿ ಕೂತು, ಗೋಡೆಗೆ ಬೆನ್ನು ಹಚ್ಚಿ, ಹಿಮ್ಮಡಿ ಊರುತ್ತಾರೆ. ಇದಕ್ಕೆ ಮನೆ ಹಿಡಿಯುವುದು ಎನ್ನುತ್ತೇವೆ. ತಲೆಬಾಗಿಲ ಮೂಲೆಗೆ ಮಾತ್ರ ಆ ಮನೆಯವರೇ ಕೂರಬೇಕು. ಗಂಡಸೋ ಹೆಂಗಸೋ, ಆ ಮನೆಯ ಅನ್ನ ಉಂಡ ಬೆನ್ನೇ ಆಗಬೇಕು. ಈ ಮೂರು ಕಾರಣ ಬಿಟ್ಟು ನಾಲ್ಕನೆಯದಕ್ಕೆ ಯಾರೂ ಯಾರ ಮನೆಯನ್ನೂ ಹಿಡಿದದ್ದಿಲ್ಲ.

ಮನೆ ಹಿಡಿಯುವುದರಲ್ಲಿ ನನ್ನ ಗಂಡ ಮರಿಬಸಪ್ಪನವರನ್ನು ಮೀರಿಸುವವರು ಊರಿನಲ್ಲಿ ಇರಲಿಲ್ಲ, ನಮ್ಮ ಮಗಳು ಕಮಲಾಕ್ಷಿ ಬೆಳೆದು ನಿಲ್ಲುವ ತನಕ. ಕಲಿಸಿದ್ದೂ ಅವರೇ. ಅಪ್ಪ ಮಗಳು ಅಕ್ಕಪಕ್ಕ ಕೂತರೆ ಎಂಥ ತಿರುಗುವ ಚಟದ ಮನೆಯೂ ತೆಪ್ಪಗಾಗುತ್ತಿತ್ತು. ಆಮೇಲೆ ಸಂತೆಮಾಳದಲ್ಲಿ ಸರ್ಕಸ್ಸಿನವರು ಡೇರೆ ಹಾಕಿದರು. ಅವರಿಗೆ ಇವಳ ಬೆನ್ನು ಕಂಡಿತು, ಇವಳಿಗೆ ಅವರ ಡೇರೆ ಕಂಡಿತು. "ಇಲ್ಲಿ ಗೋಡೆ ಹೊರೋ ಬದಲು ಅಲ್ಲಿ ಮನುಷ್ಯರನ್ನ ಹೊರ್ತೀನಿ" ಎಂದು ಅಪ್ಪನ ಎದುರಿಗೇ ಹೇಳಿ, ಅವರ ಜೊತೆ ಹಡಗು ಹತ್ತಿ ಹೋದಳು. ಇವರು ಮನೆದೇವರ ಮುಂದೆ ನಿಂತು, ಇನ್ನು ಅವಳ ಮುಖ ನೋಡುವುದಿಲ್ಲ ಎಂದು ಆಣೆ ಇಟ್ಟರು. ನಾನು ಯಾವ ಆಣೆಯನ್ನೂ ಇಡಲಿಲ್ಲ. ಆದರೆ ಮುಖ ಕಾಣದ ಭಾಗ್ಯ ಮಾತ್ರ ಇಬ್ಬರಿಗೂ ಸಮನಾಗಿಯೇ ಬಂತು.

ಹೀಗೆ ವರ್ಷಗಳು ಕಳೆದ ಮೇಲೆ ಒಂದು ದಿನ ಬಳೆಗಾರ ಮಲ್ಲಾರಪ್ಪ ನನ್ನ ಕೈ ಹಿಡಿದು ಬಳೆ ಏರಿಸುತ್ತಾ, "ನೀಲವ್ವಾ, ನಿಮ್ ಕಮ್ಲೀನ ನೋಡ್ದೆ ಕಣವ್ವ" ಎಂದ.

"ಎಲ್ಲಿ?"

"ಟೀವೀಲಿ. ಬಂದರಿನ ಕಡೆ ಒಬ್ರು ಸಾವ್ಕಾರ್ರ ಮನೇಲಿ ದೊಡ್ಡ ಡಿಶ್ಶು ಹಾಕ್ಸವ್ರೆ. ಅದ್ರಲ್ಲಿ ಯಾವ್ದೋ ದೇಶದ ಚಾನೆಲ್ಲು, ಸರ್ಕಸ್ಸು ತೋರುಸ್ತಾರೆ, ಗುರುವಾರ ಗುರುವಾರ ಮಧ್ಯಾಹ್ನ. ಐದಾರು ಜನಾನ ಹೆಗಲ ಮೇಲೆ ಹೊತ್ಕೊಂಡು ಕಂಬದಂಗೆ ನಿಂತಿದ್ಲು."

"ಅವಳೇ ಅಂತ ನಿನಗೆ ಹೆಂಗೆ ಗೊತ್ತು?"

"ಭಾರ ಬಿದ್ರೆ ನಾಲಿಗೆ ತುದಿ ಕಚ್ಕೊತಾಳಲ್ಲವ್ವ. ಬಳೆ ತೊಡಿಸ್ವಾಗ ನನ್ ಮುಂದೆ ಎಷ್ಟು ಸಲ ಕಚ್ಕೊಂಡಿಲ್ಲ? ಅದ್ನ ನಾನು ಮರ್ತೇನಾ?"

ಬಲಗೈಗೆ ಬಳೆ ಏರಿತ್ತು. ಎಡಗೈಗೆ ತೊಡಿಸಿಕೊಳ್ಳದೆಯೇ ಎದ್ದುಬಿಟ್ಟೆ. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಬಿತ್ತು, ಹಾಲು ದಿನವೂ ಉಕ್ಕಿತು. ಒಂದು ಸಲ, ಒಂದೇ ಸಲ ಮಗಳ ಮುಖ ನೋಡಬೇಕು. ಅದು ಬಿಟ್ಟು ಇನ್ನೊಂದು ಯೋಚನೆ ತಲೆಯೊಳಗೆ ಬರಲಿಲ್ಲ.

ಗಂಡನಿಗೆ ಹೇಳಿದೆ. ಅವರು ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. "ನನ್ನ ಮುಂದೆ ಆ ಮಾತು ಎತ್ಬೇಡ."

"ಎತ್ತಲ್ಲ ಬಿಡಿ. ಒಳಗೆ ಒಂದು ಟೀವಿ, ಮಾಳಿಗೆ ಮೇಲೆ ಒಂದು ಡಿಶ್ಶು ಹಾಕಿಸ್ತೀನಿ, ಅಷ್ಟೆ."

"ಏನಾರ ಹಾಕಿಸ್ಕೋ. ಆ ಪೆಟ್ಟಿಗೆ ಇರೋ ಕಡೆ ನಾನು ತಲೆ ಹಾಕಿ ಮಲಗೋದೂ ಇಲ್ಲ" ಎಂದು ಕೈ ತೊಳೆದು ಎದ್ದರು.

ಡಿಶ್ಶು ಹಾಕಲು ಹೊರಗಿನ ಊರಿನಿಂದ ದಸ್ತಗೀರ ಎಂಬವನು ಟೆಂಪೋದಲ್ಲಿ ಬಂದ. ನಗುಮುಖದ ಮನುಷ್ಯ, ಬಾಯಿ ಸ್ವಲ್ಪ ಜಾಸ್ತಿ. ಮದುವೆ ಮನೆಯ ಬಾಣಲೆಗಿಂತ ದೊಡ್ಡ ತಟ್ಟೆಯನ್ನು ಮಾಳಿಗೆಗೆ ಹತ್ತಿಸಿ, ಕಾಲುಗಳಿಗೆ ಬೋಲ್ಟು ಬಿಗಿದು, ದಿಕ್ಸೂಚಿ ಹಿಡಿದು ಆಕಾಶದಲ್ಲಿ ಏನನ್ನೋ ಹುಡುಕಿದ. "ಅಕ್ಕಾ, ಮೇಲೆ ಉಪಗ್ರಹ ಒಂದೇ ಜಾಗದಲ್ಲಿ ಇರುತ್ತೆ. ಡಿಶ್ಶು ಅದರ ಕಡೆ ಒಂದು ಸಲ ಮುಖ ಮಾಡಿದ್ರೆ ಸಾಕು, ಮೊಮ್ಮಕ್ಕಳ ಕಾಲಕ್ಕೂ ನೋಡ್ತಾ ಇರಬಹುದು" ಎಂದ. ನಾನು ಹೂಂಗುಟ್ಟಿದೆ. ಊರಿನ ಸಂಗತಿ ಹೇಳಿದರೆ ಎಲ್ಲಿ ಓಡಿಹೋಗುತ್ತಾನೋ ಎಂದು ಭಯ.

ಟೀವಿಯಲ್ಲಿ ಚಿತ್ರ ಬಂದೇಬಿಟ್ಟಿತು. ಎರಡು ಕಡ್ಡಿಗಳಲ್ಲಿ ಶಾವಿಗೆ ತಿನ್ನುವವರು ಬಂದರು. ತುಪ್ಪಳದ ಟೋಪಿ ಹಾಕಿಕೊಂಡು ಏನನ್ನೋ ಗದರುವ ಮುದುಕ ಬಂದ. ನಾನು ಕೈಮುಗಿದು, ಟೀ ಕಾಯಿಸಿ ತರುವಷ್ಟರಲ್ಲಿ ಮುದುಕ ಹೋಗಿ ಪರದೆಯ ತುಂಬ ಬಿಳಿ ಅಕ್ಕಿನುಚ್ಚು ಕುಣಿಯುತ್ತಿತ್ತು. ದಸ್ತಗೀರ ಮಾಳಿಗೆಗೆ ಓಡಿದ. ಬೋಲ್ಟುಗಳನ್ನು ಮುಟ್ಟಿ ಮುಟ್ಟಿ ನೋಡಿ, "ಅಕ್ಕಾ, ಡಿಶ್ಶು ಒಂದು ನೂಲಿನಷ್ಟೂ ಅಲ್ಲಾಡಿಲ್ಲ" ಎಂದು ಮೇಲಿನಿಂದ ಕೂಗಿದ.

"ಡಿಶ್ಶು ಅಲ್ಲಾಡಿಲ್ಲ ಕಣಪ್ಪ. ಮನೆ ತಿರುಗ್ತು."

ಅವನು ಕೆಳಗಿಳಿದು ಬಾಗಿಲಿನಿಂದ ಹೊರಗೆ ನೋಡಿದ. ಟೆಂಪೋ ಇರಬೇಕಾದ ಕಡೆ ಪಕ್ಕದ ಮನೆಯ ದೊಡ್ಡೀರಮ್ಮನ ಎಮ್ಮೆ ನಿಂತು ಮೆಲುಕು ಹಾಕುತ್ತಿತ್ತು. ಕಣ್ಣುಜ್ಜಿಕೊಂಡು, ಒಂದೊಂದೇ ಬಾಗಿಲಿಗೆ ಹೋಗಿ ಇಣುಕಿ ತನ್ನ ಟೆಂಪೋ ಹುಡುಕಿದ.

ಆದರೂ ಓಡಿಹೋಗಲಿಲ್ಲ, ಹಟಗಾರ. ಮನೆ ತಿರುಗಿದರೆ ತಿರುಗಲಿ, ನೆಲ ತಿರುಗುವುದಿಲ್ಲವಲ್ಲ ಎಂದು ಬೀದಿ ಬದಿಗೆ ಕಂಬ ನೆಟ್ಟು ಅದರ ಮೇಲೆ ಡಿಶ್ಶು ಕೂರಿಸಿ, ಅಲ್ಲಿಂದ ಒಳಕ್ಕೆ ವೈರು ಎಳೆದ. ಮಾರನೆಯ ದಿನ ನೋಡಿದರೆ ಮನೆ ತಿರುಗುತ್ತಾ ತಿರುಗುತ್ತಾ ವೈರನ್ನೆಲ್ಲ ಮೈಗೆ ಸುತ್ತಿಕೊಂಡು, ಕಂಬವನ್ನು ಬುಡಸಮೇತ ಕಿತ್ತು, ಡಿಶ್ಶನ್ನು ಜಗಲಿಯ ತನಕ ದರದರ ಎಳೆದುಕೊಂಡು ಬಂದಿತ್ತು. ನನ್ನ ಗಂಡ ಅದನ್ನು ದಾಟಿಕೊಂಡು ಹೊಲಕ್ಕೆ ಹೋದರು. ಮೀಸೆಯ ಕೆಳಗೆ ನಕ್ಕರು ಎಂದು ನನ್ನ ಅನುಮಾನ.

ಗುರುವಾರ ಬಂತು. ಡಿಶ್ಶನ್ನು ಮತ್ತೆ ಮಾಳಿಗೆಗೆ ಹತ್ತಿಸಿ, ಬೋಲ್ಟು ಸಡಿಲಿಸಿ, ಮನೆ ಬಲಕ್ಕೆ ತಿರುಗಿದರೆ ಡಿಶ್ಶನ್ನು ಎಡಕ್ಕೆ ತಿರುಗಿಸುವುದು ಎಂದು ತೀರ್ಮಾನಿಸಿದೆವು. ದಸ್ತಗೀರ ಮೇಲೆ ನಿಂತ, ನಾನು ಟೀವಿಯ ಮುಂದೆ. "ಬಂತು, ಬಂತು! ಹೋಯ್ತು! ಇನ್ನೊಂಚೂರು! ಅಯ್ಯೋ ಜಾಸ್ತಿ ಆಯ್ತು!" ಎಂದು ಕೂಗಿ ಕೂಗಿ ಗಂಟಲು ಹರಿಯಿತು. ಆವತ್ತು ಮನೆಗೂ ಅದೇನು ಹಾರಾಟವೋ, ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ. ತಮಟೆಯಂಥ ಸದ್ದು ಬಂತು, ಬಿಳಿ ಕುದುರೆಯ ಅರ್ಧ ಬಂತು, ಹೊಳೆಯುವ ಬಟ್ಟೆಯ ಕಾಲುಗಳ ರಾಶಿ ಬಂತು. ಆ ಕಾಲುಗಳ ಕೆಳಗೆ ಯಾರೋ ನಿಂತಿದ್ದರು. ಯಾರು ಎಂದು ತಿಳಿಯುವ ಮೊದಲೇ ಅಕ್ಕಿನುಚ್ಚು ಮುಚ್ಚಿಕೊಂಡಿತು. ನಾನು ಟೀವಿಯ ಗಾಜಿಗೆ ಹಣೆ ಹಚ್ಚಿ ಅತ್ತೆ. ನಾಚಿಕೆ ಎನಿಸಲಿಲ್ಲ.

ಮನೆ ಹಿಡಿಸಬೇಕು ಎಂದು ಆಗಲೇ ತೀರ್ಮಾನಿಸಿದೆ. ನೇರವಾಗಿ ದೊಡ್ಡೀರಮ್ಮನ ಹತ್ತಿರ ಹೋದೆ. ಈ ಮುದುಕಿ ಹೂಂ ಎನ್ನದೆ ನಮ್ಮ ಕೇರಿಯಲ್ಲಿ ಒಂದು ಬೆನ್ನೂ ಗೋಡೆಗೆ ತಾಗುವುದಿಲ್ಲ. ಅವಳು ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಟೀವಿ ನೋಡಕ್ಕೆ ಮನೆ ಹಿಡೀಬೇಕಾ? ನಾಳೆ ಇನ್ನೊಬ್ಳು ಬತ್ತಾಳೆ, ತಲೆ ಬಾಚ್ಕೋಬೇಕು ಮನೆ ಹಿಡೀರಿ ಅಂತಾಳೆ. ಹೆರಿಗೆಯಾ, ಮದುವೆಯಾ, ಸಾವಾ? ಮೂರ್ರಲ್ಲಿ ಯಾವ್ದು ಹೇಳು."

"ಅತ್ತೆ, ಮಗಳನ್ನ ನೋಡ್ಬೇಕು."

"ಯಾವ್ದು ಅಂತ ಕೇಳ್ದೆ."

ನನಗೆ ರೇಗಿಹೋಯಿತು. "ಎದುರಿಗಿದ್ದ ಮಗಳು ಇಲ್ಲದಂಗಾದ್ಲಲ್ಲ, ಆವತ್ತು ಅದು ಸಾವಾಗಿದ್ರೆ, ಇವತ್ತು ಇದು ಹೆರಿಗೇನೆ. ಹೆತ್ತೋಳು ನಾನು ಹೇಳ್ತಾ ಇದೀನಿ" ಎಂದುಬಿಟ್ಟೆ.

ಮುದುಕಿ ಕುಟ್ಟಿದ ಅಡಿಕೆಯನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. "ಹಂಗಾದ್ರೆ ಎಲ್ಲಾ ಹೆರಿಗೆ ಕ್ರಮದಂಗೇ ಆಗ್ಬೇಕು. ಒಳಗೆ ಗಂಡಸ್ರು ಇರಂಗಿಲ್ಲ. ಹಿಡಿಯೋರಿಗೆ ಶುಂಠಿ ಕಾಫಿ. ಆಮೇಲೆ ತಲೆಬಾಗಿಲ ಮೂಲೆಗೆ ಯಾರು? ನೀನು ಟೀವಿ ಮುಂದೆ ಕೂತ್ರೆ ನಿಮ್ಮನೇಲಿ ಇನ್ನೊಂದು ಬೆನ್ನು ಎಲ್ಲೈತೆ?"

ಆ ಒಂದು ಬೆನ್ನನ್ನು ಹೇಗೆ ಕೇಳುವುದು ಎಂದು ನಾನು ದಾರಿಯುದ್ದಕ್ಕೂ ಯೋಚಿಸಿದೆ. ಕಾಲು ಹಿಡಿಯುವುದೋ, ಜಗಳ ಆಡುವುದೋ. ಎರಡೂ ಬೇಕಾಗಲಿಲ್ಲ. ನಾನು ಬಾಯಿ ತೆರೆಯುವ ಮುಂಚೆಯೇ ಗಂಡನಿಗೆ ಸುದ್ದಿ ಮುಟ್ಟಿತ್ತು. ಎತ್ತಿನ ಹಗ್ಗ ಹೊಸೆಯುತ್ತಾ, ನನ್ನ ಕಡೆ ನೋಡದೆ ಕೇಳಿದರು. "ಮೂಲೆಗೆ ಕೂತೋರಿಗೆ ಟೀವಿ ಕಾಣಲ್ಲ ಅಲ್ವಾ?"

"ಗೋಡೆಗೆ ಬೆನ್ನು ಹಾಕಿ ಕೂತ್ರೆ ಬೀದಿ ಕಾಣುತ್ತೆ."

"ಹಂಗಾದ್ರೆ ಕೂರ್ತೀನಿ. ಅವಳ ಮುಖ ನೋಡಲ್ಲ ಅಂದಿದೀನಿ, ನಮ್ಮನೆ ಗೋಡೆ ಹಿಡಿಯಲ್ಲ ಅಂದಿಲ್ಲ."

ನನಗೆ ಈ ಮನುಷ್ಯನ ಮೇಲೆ ಸಿಟ್ಟೂ ಬಂತು, ಮರುಕವೂ ಬಂತು. ಯಾವುದನ್ನೂ ತೋರಿಸದೆ ಒಳಗೆ ಹೋಗಿ ಶುಂಠಿ ಜಜ್ಜಲು ಕೂತೆ.

ಮುಂದಿನ ಗುರುವಾರ ಬೆಳಿಗ್ಗೆಯೇ ಕೇರಿಯ ಜನ ಬಂದು ಸೇರಿದರು. ದಸ್ತಗೀರ ಡಿಶ್ಶನ್ನು ಸರಿಯಾದ ಕಡೆಗೆ ತಿರುಗಿಸಿ, "ಸಿಕ್ತು, ಹಿಡೀರಿ!" ಎಂದ ಕೂಡಲೇ ನಾಲ್ಕೂ ಗೋಡೆಗೆ ಬೆನ್ನುಗಳು ಹತ್ತಿದವು. ತಲೆಬಾಗಿಲ ಮೂಲೆಯಲ್ಲಿ ನನ್ನ ಗಂಡ, ಅವರ ಪಕ್ಕದಲ್ಲಿ ದೊಡ್ಡೀರಮ್ಮ. ಮನೆ ಒಮ್ಮೆ ನರಳಿ ನಿಂತಿತು. ಗಂಡಸರು ಒಳಗಿರಬಾರದು ಎಂದಿದ್ದರಿಂದ ದಸ್ತಗೀರ ಮಾಳಿಗೆಯ ಬೆಳಕಿಂಡಿಗೆ ತಲೆ ಇಟ್ಟು ಮಲಗಿದ. ಒಳಗೆ ನಾನೊಬ್ಬಳೇ. ಚಿತ್ರ ನಿಚ್ಚಳವಾಗಿ ನಿಂತಿತ್ತು, ಆದರೆ ನನ್ನ ಕೈಕಾಲು ನಿಲ್ಲುತ್ತಿರಲಿಲ್ಲ. ಚಾಪೆಯ ಮೇಲೆ ಕೂತೆ, ಎದ್ದೆ, ಮಣೆಯ ಮೇಲೆ ಕೂತೆ, ಬಾಗಿಲಿಗೆ ಹೋಗಿ ಬಂದೆ. ಪರದೆಯ ಮೇಲೆ ಯಾರೋ ಯಾರಿಗೋ ಸೋಪು ಮಾರುತ್ತಿದ್ದರು, ಮುಗಿಯುವ ಲಕ್ಷಣವೇ ಇರಲಿಲ್ಲ.

ಕೊನೆಗೆ ತಮಟೆಯ ಸದ್ದು ಕೇಳಿತು. ಕುದುರೆಗಳು ಬಂದವು, ಬೆಂಕಿ ನುಂಗುವವನು ಬಂದ, ಆಮೇಲೆ ಹೊಳೆಯುವ ಬಟ್ಟೆಯ ಹುಡುಗಿಯರು ಸಾಲಾಗಿ ಓಡಿಬಂದು ಒಬ್ಬರ ಮೇಲೊಬ್ಬರು ಹತ್ತತೊಡಗಿದರು. ಮೊದಲು ತೋರಿಸಿದ್ದು ಎಲ್ಲರಿಗಿಂತ ಕೆಳಗಿನ ಎರಡು ಪಾದಗಳನ್ನು. ಅಗಲವಾದ ಪಾದಗಳು, ಹೆಬ್ಬೆರಳು ಕೊಂಚ ಹೊರಕ್ಕೆ. ಎಣ್ಣೆ ಹಚ್ಚಿ ನೀವಿದ ಪಾದ, ಮರೆಯುತ್ತೇನೆಯೇ? "ಕಮ್ಲೀ!" ಎಂದು ಕಿರುಚಿದೆ. ಪಾದದಿಂದ ಮಂಡಿ, ಮಂಡಿಯಿಂದ ಸೊಂಟ, ಚಿತ್ರ ಮೇಲೇರುತ್ತಿತ್ತು.

ನಾನು ಕಿರುಚಿದ್ದೇ ತಪ್ಪಾಯಿತು. ಹೆರಿಗೆಯಲ್ಲಿ ಒಳಗಿನಿಂದ ಕೂಗು ಕೇಳಿದರೆ ಮಗು ಹುಟ್ಟಿತು ಎಂದು ಲೆಕ್ಕ, ಹಿಡಿದವರು ಏಳಬಹುದು. ಇಡೀ ಕೇರಿ ಎದ್ದು ಕಿಟಕಿಗಳಿಗೆ ಮುಗಿಬಿತ್ತು. ಎಲ್ಲರಿಗಿಂತ ಮೊದಲು ಎದ್ದವಳು ದೊಡ್ಡೀರಮ್ಮನೇ ಎಂದು ಆಮೇಲೆ ಗೊತ್ತಾಯಿತು. ಮನೆ ಒಮ್ಮೆ ಜಗ್ಗಿತು. ಚಿತ್ರ ಹರಿದು ಪಟ್ಟಿ ಪಟ್ಟಿಯಾಯಿತು, ಹೋಯಿತು ಎಂದುಕೊಂಡೆ, ಆದರೆ ಹೋಗಲಿಲ್ಲ. ನಡುಗುತ್ತಾ ನಡುಗುತ್ತಾ ಅಲ್ಲೇ ನಿಂತಿತು. ಯಾರೋ ಹಿಡಿದಿದ್ದರು. ಯಾರು ಎಂದು ಕೇಳಬೇಕೆ? ನಾನು ಟೀವಿಯನ್ನು ಬಿಟ್ಟು ಹೊರಗೆ ಓಡಿದೆ.

ನನ್ನ ಗಂಡ ಒಬ್ಬರೇ ಮೂಲೆಯಲ್ಲಿದ್ದರು. ಹಿಮ್ಮಡಿಗಳು ಮಣ್ಣಿನಲ್ಲಿ ಹೂತುಹೋಗಿದ್ದವು, ಕತ್ತಿನ ನರ ಉಬ್ಬಿತ್ತು, ಕಣ್ಣು ಬಿಗಿಯಾಗಿ ಮುಚ್ಚಿದ್ದರು. ಇಡೀ ಮನೆಯ ಸೆಳೆತ ಆ ಒಂದು ಬೆನ್ನಿನ ಮೇಲಿತ್ತು. "ಏಯ್! ಏನು ಜಾತ್ರೆ ನೋಡ್ತಾ ಇದೀರಾ? ಕೂತ್ಕೊಳ್ರಿ ಎಲ್ಲಾ!" ಎಂದು ನಾನು ಕಿಟಕಿಯವರ ಮೇಲೆ ಕೂಗಾಡಿದೆ. ನಾಚಿಕೆಯಿಂದ ಒಬ್ಬೊಬ್ಬರಾಗಿ ಗೋಡೆಗೆ ಮರಳಿದರು. ಮನೆ ತಹಬಂದಿಗೆ ಬಂತು. ಇವರು ಉಸಿರು ಬಿಟ್ಟರು. ಕಣ್ಣು ಮಾತ್ರ ತೆರೆಯಲಿಲ್ಲ.

"ಲೇ ನೀಲಾ" ಎಂದರು, ನನಗೊಬ್ಬಳಿಗೇ ಕೇಳುವ ಹಾಗೆ. "ಸಣ್ಣಗಾಗಿದಾಳಾ?"

ಇಷ್ಟು ವರ್ಷ ಒಂದೇ ಸೂರಿನ ಕೆಳಗೆ, ನಾನು ಒಂದು ಗೋಡೆಯ ಕಡೆ ತಿರುಗಿ ಅತ್ತರೆ ಇವರು ಇನ್ನೊಂದು ಗೋಡೆಯ ಕಡೆ ತಿರುಗಿ ಅತ್ತಿದ್ದಾರೆ, ನನಗೆ ಗೊತ್ತೇ ಆಗಲಿಲ್ಲ. ನಾನು ಇನ್ನೂ ಮುಖ ನೋಡಿಲ್ಲ ಎಂದು ಹೇಳಲಿಲ್ಲ. ಅವರ ಪಕ್ಕದಲ್ಲಿ ಕೂತು ಮೂಲೆಗೆ ಬೆನ್ನು ಹಚ್ಚಿದೆ. "ಏಳಿ. ನಾನು ಹಿಡ್ಕೊಂಡಿದೀನಿ. ಹೋಗಿ ನೀವೇ ನೋಡಿ."

"ಆಣೆ ಇಟ್ಟಿದೀನಿ."

"ಟೀವಿ ಗಾಜು ನೋಡಲ್ಲ ಅಂತ ಇಟ್ಟಿದ್ರಾ?"

ಅವರು ಏಳಲಿಲ್ಲ. ಒಳಗೆ ತಮಟೆ ಜೋರಾಗುತ್ತಿತ್ತು, ಕಾರ್ಯಕ್ರಮ ಯಾವ ಕ್ಷಣದಲ್ಲಾದರೂ ಮುಗಿಯಬಹುದಿತ್ತು. ಆಗ ದೊಡ್ಡೀರಮ್ಮ ಪಕ್ಕದಿಂದ ಬಾಯಿ ಹಾಕಿದಳು. "ಮರಿಬಸಪ್ಪಾ, ಹೆರಿಗೆ ಆಯ್ತು ಕಣಪ್ಪ, ನಾವೆಲ್ಲಾ ಕೂಗು ಕೇಳಿದೀವಿ. ಇನ್ನು ಮಗು ಮುಖ ನೋಡಕ್ಕೆ ಅಪ್ಪ ಒಳಗೆ ಹೋಗ್ಲೇಬೇಕು. ಅದು ಕ್ರಮ. ಕ್ರಮದ ಮುಂದೆ ನಿನ್ನ ಆಣೆ ಗೀಣೆ ನಡೆಯಲ್ಲ."

ಇವರು ಕಣ್ಣು ತೆರೆದು ಮುದುಕಿಯನ್ನು ನೋಡಿದರು. ಆಮೇಲೆ ನನ್ನನ್ನು. ಆಮೇಲೆ ಮಣ್ಣಿನಿಂದ ಕಾಲು ಕಿತ್ತುಕೊಂಡು ಎದ್ದು, ಪಂಚೆ ಕೊಡವಿ, ಹೊಸಬರ ಮನೆಗೆ ಹೋಗುವವರ ಹಾಗೆ ಬಾಗಿ ಒಳಗೆ ಹೋದರು.

ಮನೆಯ ಸೆಳೆತ ನನ್ನ ಬೆನ್ನಿಗೆ ಬಂತು. ಹಲ್ಲು ಕಚ್ಚಿ ಹಿಡಿದೆ. ಒಳಗೆ ಅವರು ಅತ್ತರೋ, ನಿಂತೇ ಇದ್ದರೋ, ಮುಖ ತಿರುಗಿಸಿಕೊಂಡರೋ. ತಿರುಗಿ ಕಿಟಕಿಗೆ ಇಣುಕಬೇಕು ಎಂದು ಜೀವ ಹೊಡೆದುಕೊಳ್ಳುತ್ತಿತ್ತು. ಇಣುಕಲಿಲ್ಲ. ಆಮೇಲೆ ಇಡೀ ಕೇರಿಗೆ ಕೇಳುವ ಹಾಗೆ ಅವರ ಗಂಟಲು ಎದ್ದಿತು. "ಮಂಡಿ ಸಡಿಲ ಬಿಡೇ! ಸೊಂಟ ಗಟ್ಟಿ ಹಿಡಿ ಅಂದ್ರೆ ಮಂಡಿ ಗಟ್ಟಿ ಹಿಡೀತಾಳೆ, ಕತ್ತೆ! ಬೀಳ್ತೀಯಾ, ಬೀಳ್ತೀಯಾ... ಹಾಂ! ಹಂಗೆ! ಹಂಗೆ ನಿಲ್ಲು ನನ್ನವ್ವಾ!" ಗೋಡೆಗೆ ಕೂತವರೆಲ್ಲ ನಕ್ಕರು. ನಾನೂ ನಕ್ಕೆ, ಅಳುತ್ತಾ ಅಳುತ್ತಾ ನಕ್ಕೆ, ಬೆನ್ನು ಮಾತ್ರ ಸಡಿಲಿಸಲಿಲ್ಲ.

ತಮಟೆ ನಿಂತಿತು. ಜನ ಎದ್ದು ಮೈ ಮುರಿದರು, ಉಳಿದ ಶುಂಠಿ ಕಾಫಿ ಕುಡಿದರು. ದಸ್ತಗೀರ ಮಾಳಿಗೆಯಿಂದ ಇಳಿದು ಬಂದು, ಇದನ್ನೇ ನಾಳೆ ಇದೇ ಹೊತ್ತಿಗೆ ಇನ್ನೊಮ್ಮೆ ಹಾಕುತ್ತಾರೆಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರೆದು ಬಂತು ಎಂದ. ಆದರೆ ಕೇರಿಯವರಿಗೆ ಅವರವರ ಕೆಲಸ ಇತ್ತು. ಹೆರಿಗೆಗೆ ಎರಡು ದಿನ ಮನೆ ಹಿಡಿಯುವ ಪದ್ಧತಿ ಎಲ್ಲಿಯೂ ಇಲ್ಲ ಎಂದು ದೊಡ್ಡೀರಮ್ಮ ಎಮ್ಮೆ ಹೊಡೆದುಕೊಂಡು ಹೋದಳು. ನಾನು ಮೂಲೆಯಲ್ಲೇ ಕೂತಿದ್ದೆ. ನಾನು ಎದ್ದರೆ ಮನೆ ತಿರುಗುತ್ತದೆ, ಒಮ್ಮೆ ತಿರುಗತೊಡಗಿದರೆ ಒಂದೇ ಬೆನ್ನಿಗೆ ಮತ್ತೆ ನಿಲ್ಲುವುದಿಲ್ಲ, ಒಳಗೆ ಹೋಗಿ ನೋಡಲು ಈಗ ಏನೂ ಉಳಿದಿಲ್ಲ. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ.

ನನ್ನ ಗಂಡ ಹೊರಗೆ ಬಂದರು. ಕಣ್ಣು ಕೆಂಪಗಿತ್ತು. ನನ್ನನ್ನು ಪಕ್ಕಕ್ಕೆ ಸರಿಸಿ ಮೂಲೆಗೆ ಕೂತು, ಗೋಡೆಗೆ ಬೆನ್ನು ಹಚ್ಚಿದರು.

"ಒಳಗೆ ಹೋಗು. ಊಟ ಇಲ್ಲಿಗೇ ತಂದ್ಕೊಡು, ಒಂದು ಕಂಬಳಿನೂ ಕೊಡು. ನಾಳೆ ಮಧ್ಯಾಹ್ನದ ತನಕ ನಾನು ಏಳಲ್ಲ."

"ಒಬ್ರೇ? ನಾಳೆ ತನಕ? ತಲೆ ಕೆಟ್ಟಿದೆಯಾ ನಿಮಗೆ?"

ನಾನು ಅಲ್ಲೇ ನಿಂತೆ, ಸೆರಗಿನಿಂದ ಮುಖ ಒರೆಸಿಕೊಂಡೆ. ಕೇಳಬಾರದು ಎಂದುಕೊಂಡೇ ಕೇಳಿದೆ. "ಏನ್ರೀ, ಸಣ್ಣಗಾಗಿದಾಳಾ?"

"ನಾನ್ಯಾಕೆ ಹೇಳ್ಲಿ?" ಎಂದು ಅವರು ಹಿಮ್ಮಡಿಗಳನ್ನು ಹಳೆಯ ಕುಳಿಗಳಿಗೇ ಊರಿದರು. "ನಾಳೆ ನೀನೇ ನೋಡು."